ಪಕ್ಕದ ಸೀಟು

"ಬಲಕ್ಕೆ ನಾಲ್ಕು, ತಕ್ಷಣ ಎಡಕ್ಕೆ ಎರಡು," ಎಂದು ನನ್ನ ಮುಂದಿನ ಸೀಟಿನ ಹೆಂಗಸು ಹೇಳಿದ್ದೇ ತಡ, ಅವಳ ಪಕ್ಕದಲ್ಲಿದ್ದವರು ಬಸ್ಸಿನ ನೆಲವನ್ನು ಬ್ರೇಕಿನಂತೆ ಒತ್ತಿದರು. ಕಳಸದಿಂದ ಹೊರಟ ಆ ಬಸ್ಸಿನಲ್ಲಿ ಅವರಿಬ್ಬರನ್ನು ಗುರುತಿಸದವರಿರಲಿಲ್ಲ. ಹೋದ ವಾರವಷ್ಟೇ ಜೀಪ್ ಓಟದ ರ‍್ಯಾಲಿಯಿಂದ ನಿವೃತ್ತರಾದ ಅಫ್ಜಲ್. ಹನ್ನೊಂದು ವರ್ಷ ಅವರ ಜೀಪಿನಲ್ಲಿ ಕೂತು ಪ್ರತಿ ತಿರುವಿನ ದಿಕ್ಕು, ತೀವ್ರತೆಯನ್ನು ನೋಟ್‌ಬುಕ್ಕಿನಿಂದ ಓದಿ ಹೇಳಿದ ಸೌಂದರ್ಯ.

"ಅಫ್ಜಲಣ್ಣ, ಕಾಲು ತೆಗೀರಿ. ಬ್ರೇಕು ಡ್ರೈವರ್ ಹತ್ರ ಇದೆ."

"ನೀನು ಓದೋದು ನಿಲ್ಸು ಮಾರಾಯ್ತಿ, ನಾನು ಒತ್ತೋದು ನಿಲ್ಸ್ತೀನಿ."

"ಹುಡುಗರಿಗೆ ದಾರಿ ಬಿಟ್ಟೆ ಅಂತ ಪೇಪರಿನವ್ರಿಗೆ ಹೇಳಿದ್ರಂತೆ. ನೀವು ಯಾವತ್ತು ಯಾರಿಗೆ ದಾರಿ ಬಿಟ್ಟಿದ್ರಿ?"

"ಅದಕ್ಕೇ ಎಲ್ಲಾ ಒಂದೇ ಸಲ ಬಿಟ್ಟೆ."

"ಬಿಟ್ಟ ದಾರೀಲಿ ಬರೋರು ಯಾರು? ಮುಂದಿನ ತಿಂಗಳಿಗೆ ನಾಲ್ಕೇ ಗಾಡಿ. ಐದಾಗದಿದ್ರೆ ಇನ್ನು ರ‍್ಯಾಲಿನೇ ಇಲ್ಲ ಅಂತಿದ್ದಾರೆ ಕ್ಲಬ್ಬಿನವ್ರು."

"ನನ್ನ ಜೀಪು ತಗೊಂಡು ಹೋಗು. ನೀನೇ ಓಡ್ಸು."

"ಓಡಿಸ್ತೀನಿ. ತಿರುವು ಓದೋರು?"

"ನಿನ್ನ ಪುಸ್ತಕ ಇದ್ಯಲ್ಲ, ಯಾರಾದ್ರೂ ಓದ್ತಾರೆ." ಅವರು ಅವಳ ಮಡಿಲಿನ ನೋಟ್‌ಬುಕ್ಕಿನತ್ತ ಬಗ್ಗಿದರು. "ಇದೇನಿದು, ತಿರುವಿಗೊಂದು 'ಬೈ' ಅಂತ ಬರ್ದಿದ್ದೀಯ? ಬೈಪಾಸಾ?"

"ಅಲ್ಲ. ಅಲ್ಲಿ ನೀವು ಬೈತೀರಿ ಅಂತ."

"ಇಷ್ಟೊಂದಾ?"

"ಈ ಸಲ ಬೈಯೋದು ನಾನು." ಅವಳು ನೋಟ್‌ಬುಕ್ಕನ್ನು ಅವರ ಕೈಗಿಟ್ಟಳು. "ಪಕ್ಕದಲ್ಲಿ ಕೂತು ಓದಿ ಅಣ್ಣ. ಐದನೇ ಗಾಡಿ ನಮ್ದಾಗ್ಲಿ."

ಬಾಳೂರು ಬಂತು. ಇಬ್ಬರೂ ಇಳಿಯಲು ಎದ್ದರು. ಅಫ್ಜಲ್ ನೋಟ್‌ಬುಕ್ಕನ್ನು ಅವಳ ಚೀಲಕ್ಕೆ ವಾಪಸು ತುರುಕಿದರು.

"ಇಲ್ಲ. ಜೀಪು ತಗೊಂಡು ಹೋಗು, ಆದ್ರೆ ಪಕ್ಕದ ಸೀಟಲ್ಲಿ ನಾನು ಕೂರಲ್ಲ."