ಉಮೆನೊ ತಿದ್ದಿಸಿದ ಏಳನೇ ಅಧ್ಯಾಯ

ಚಿಗುಸಾ ಅಂದರೆ ನಮ್ಮ ಗೋಡೆಯಾಚೆ ಮನೆಯ ಹುಡುಗಿ. ಸ್ಟೇಷನ್ ಹತ್ತಿರದ ಇಪ್ಪತ್ನಾಲ್ಕು ಗಂಟೆ ಅಂಗಡಿಯಲ್ಲಿ ಒಂಬತ್ತು ವರ್ಷದಿಂದ ಕೌಂಟರ್ ಕೆಲಸ. ಆ ಅಂಗಡಿಯ ದಿನಚರಿಯನ್ನೇ ಕಾದಂಬರಿ ಮಾಡಿ ಬರೆದಿದ್ದಳು. ಪ್ರಕಾಶಕರೂ ಒಪ್ಪಿದ್ದರು. ಅವತ್ತು ಪಾಳಿ ಮುಗಿಸಿ, ಕೊನೆಯ ಕರಡನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಬರುತ್ತಿದ್ದಳು. ರಾತ್ರಿ ಎರಡು ಗಂಟೆ ಇರಬಹುದು...

ದಾರಿಯಲ್ಲೊಂದು ಹಳೇ ಬಾವಿ. ಮಣ್ಣು ತುಂಬಿ ಮುಚ್ಚಿದ್ದಾರೆ. ಬಾವಿ ಉಸಿರಾಡಲಿ ಅಂತ ಬಿದಿರು ಕೊಳವೆ ನೆಟ್ಟಿದ್ದಾರೆ. ಅದರ ಹತ್ತಿರ ಬಂದಳು, ಅಷ್ಟೇ. ಕೊಳವೆಯೊಳಗೆ ಹೂಂ... ಅಂತ ಗಾಳಿ. ಆಮೇಲೆ ಪಿಸುದನಿ.

"ಬನ್ನೀ... ಬನ್ನೀ..."

ಗಿರಾಕಿಗಳನ್ನು ಕರೆಯುವ ಮಾತು. ಹಾಗೆ ಎಳೆದು ಕರೆಯುತ್ತಿದ್ದವಳು ಒಬ್ಬಳೇ, ಅಂಗಡಿಯಲ್ಲಿ ಜೊತೆಗಿದ್ದ ಮುದುಕಿ ಉಮೆನೊ. ಪಾಳಿಗೆ ಮುಂಚೆ ಚಿಗುಸಾಳ ಕೈ ಹಿಡಿದು ನೋಡಿ, ಉಗುರು ಕತ್ತರಿಸಿಕೋ ಅಂತ ಗದರುತ್ತಿದ್ದವಳೂ ಅವಳೇ. ಹೋದ ಚಳಿಗಾಲದಲ್ಲಿ ಸತ್ತಿದ್ದಳು.

"ಉಮೆನೊ-ಸಾನ್?"

"ಏಳನೇ ಅಧ್ಯಾಯ ಓದೇ."

ಓಡಲು ನೋಡಿದಳು. ಕಾಲು ಏಳಲಿಲ್ಲ. ಫೋನಿನ ಬೆಳಕಲ್ಲಿ ಹಾಳೆ ತಿರುವಿದಳು. ಪರ್... ಪರ್... 'ಮುದುಕಿ ತಾನಾಗೇ ಕೆಲಸ ಬಿಟ್ಟು ಹೋದಳು.'

"ತಾನಾಗೇ? ಅವಧಿ ಮುಗಿದ ಅನ್ನದುಂಡೆ ಕದೀತಾಳೆ ಅಂತ ಮ್ಯಾನೇಜರ್ ಹತ್ರ ಚಾಡಿ ಹೇಳಿದ್ಯಾರು?"

ಚಿಗುಸಾಗೆ ಭಯಕ್ಕಿಂತ ಮೊದಲು ಸಿಟ್ಟು ಬಂತು. "ಕದ್ದಿದ್ದಕ್ಕೇ ಹೇಳ್ದೆ!"

"ಕದ್ದಿದ್ದು ನೀನು."

ನಿಜ ಅದೇ ಆಗಿತ್ತು.

"ಬರಿ."

"ಬರೆಯಲ್ಲ. ಸತ್ತವರ ಮಾತು ಯಾರು ಕೇಳ್ತಾರೆ?"

ಟಕ್... ಪೆನ್ನಿನ ಮುಚ್ಚಳ ತೆಗೆದ ಸದ್ದು. ಅವಳ ಚೀಲದ ಒಳಗೆ. ಹಿಂದೆಯೇ ಮಂಜಿನಂಥ ಐದು ಬೆರಳು ಅವಳ ಬಲಗೈ ಮೇಲೆ ಕೂತವು. ಪೆನ್ನು ಹಿಡಿಸಿ ಒತ್ತಿದವು.

ಬರೆದಳು. ಕದ್ದದ್ದು, ಸುಳ್ಳು ಹೇಳಿದ್ದು, ಆಮೇಲೆ ಉಮೆನೊಗೆ ಎಲ್ಲೂ ಕೆಲಸ ಸಿಗದೆ ಹೋದದ್ದು... ಒಂದೂ ಬಿಡದೆ ಬರೆದಳು. ಅಳುತ್ತಲೇ ಬರೆದಳು. ಮುಗಿಯುವಷ್ಟರಲ್ಲಿ ಪೂರ್ವ ಬೆಳ್ಳಗಾಗಿತ್ತು. ಬೆರಳುಗಳು ಸಡಿಲವಾದವು. ಎದ್ದು ಹೊರಟಾಗ ಬೆನ್ನ ಹಿಂದೆ ಮತ್ತೆ ಅದೇ ದನಿ.

"ಥೂ... ಅಕ್ಷರ ನೋಡು. ಕಾಗೆ ಕಾಲು, ಗುಬ್ಬಿ ಕಾಲು."

ಪುಸ್ತಕ ಹಾಗೇ ಅಚ್ಚಾಯಿತು. ಓದಿದ ಮ್ಯಾನೇಜರ್ ಅವಳನ್ನು ಕೆಲಸದಿಂದ ತೆಗೆದ.

ನೀವು ನಂಬದಿದ್ದರೆ ಬಿಡಿ. ಆದರೆ ಅವಳು ಬಾವಿ ಹತ್ತಿರದಿಂದ ಬಂದ ಬೆಳಿಗ್ಗೆ ಅವಳಮ್ಮ ನನ್ನನ್ನು ಕರೆದು ತೋರಿಸಿದರು. ಮಲಗಿದ್ದ ಚಿಗುಸಾಳ ಹತ್ತೂ ಉಗುರು, ಮಾಂಸಕ್ಕೆ ಹತ್ತುವಷ್ಟು ಒಪ್ಪವಾಗಿ ಯಾರೋ ಕತ್ತರಿಸಿದ್ದರು. ಪಾಳಿಗೆ ಹೋಗುವಾಗ ಹಾಗಿರಲಿಲ್ಲವಂತೆ. ಅವರ ಮನೆಯ ನೇಲ್ ಕಟರ್ ಎರಡು ದಿನದಿಂದ ನನ್ನ ಹತ್ತಿರವೇ ಇತ್ತು.