ಲೆಕ್ಕದಲ್ಲಿ ಉಳಿದ ತೂಬಾ

ಮಶ್ಹದ್‌ನ ಆಸ್ಪತ್ರೆಯಲ್ಲಿ ತಮ್ಮನ ಸರದಿಗಾಗಿ ಜಪಮಣಿ ತಿರುಗಿಸುತ್ತ ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ಮುದುಕರೊಬ್ಬರು ಒಬ್ಬರೇ ಇದ್ದರು. ಪ್ರಾಸ್ಟೇಟ್ ಕ್ಯಾನ್ಸರಿಗೆಂದು ವಿಕಿರಣದ ಮದ್ದು ಅಂದು ಅವರ ನರಕ್ಕೆ ಇಳಿಯಬೇಕಿತ್ತು. ಮದ್ದಿನ ಲೆಕ್ಕ ಹಾಕುವ ಹುಡುಗಿ ಮಡಚುವ ಕಂಪ್ಯೂಟರ್ ತೆರೆದುಕೊಂಡು ಬಂದು ಅವರ ಬಳಿ ಕೂತಳು.

"ಹಾಜಿ ಯದೊಲ್ಲಾ, ಈ ಕಂಪ್ಯೂಟರಲ್ಲಿ ನಿಮ್ಮಂಥ ಒಬ್ಬನನ್ನ ಮಾಡಿ, ಮದ್ದು ಮೊದಲು ಅವನಿಗೇ ಕೊಟ್ಟಿದ್ದೀನಿ. ಗಡ್ಡೆಗೆಷ್ಟು, ಮೂತ್ರಪಿಂಡಕ್ಕೆಷ್ಟು, ಎಲ್ಲ ಗೊತ್ತಾಯ್ತು."

"ಪಾಪ, ಬದುಕಿದ್ದಾನಾ?"

"ನಿಮಗಿಂತ ಗಟ್ಟಿಯಾಗಿದ್ದಾನೆ."

"ಪರದೆ ಮೇಲೆ ಅವನ ಪಕ್ಕ ಮಲಗಿರೋದು ಯಾರಮ್ಮಾ?"

"ನಿಮ್ಮ ಮನೆಯವರು. ನಿಮ್ಮ ಮೈಯಿಂದ ಅವರಿಗೂ ವಿಕಿರಣ ತಾಗುತ್ತೆ. ಅದಕ್ಕೇ ಇವತ್ತು ಮನೆಗೆ ಬಿಡೋಕಾಗಲ್ಲ."

"ತೂಬಾ ಹೋದ ವರ್ಷವೇ ತೀರಿಕೊಂಡ್ಲು, ಮಗಳೇ."

ಹುಡುಗಿಯ ಬೆರಳು ನಿಂತಿತು.

"ದೇವರು ಅವರನ್ನ ಕರುಣಿಸಲಿ. ಈ ಲೆಕ್ಕದಲ್ಲಿ ಪ್ರತಿಯೊಬ್ಬರ ಪಕ್ಕ ಹೆಂಡತಿ ಇದ್ದೇ ಇರ್ತಾಳೆ, ತೆಗೆಯೋದು ಮರೆತೆ. ಈಗ ತೆಗೀತೀನಿ, ಮನೆಗೆ ಹೋಗ್ಬಹುದು."

"ತೆಗೀಬೇಡ."

"ಇಟ್ರೆ ನೀವು ಇಲ್ಲೇ ಉಳೀಬೇಕಾಗುತ್ತೆ."

"ಉಳೀತೀನಿ. ಅಲ್ಲಿ ಯಾರು ಕಾಯ್ತಿದ್ದಾರೆ? ಮನೇಲಂತೂ ಅವಳಿಲ್ಲ, ಇದರಲ್ಲಾದ್ರೂ ಇರ್ಲಿ."

ಹುಡುಗಿ ಕಂಪ್ಯೂಟರನ್ನು ತನ್ನತ್ತ ತಿರುಗಿಸಿಕೊಂಡಳು.

"ಅವರು ಯಾವಾಗ್ಲೂ ನಿಮ್ಮ ಪಕ್ಕದಲ್ಲೇ ಮಲಗ್ತಿದ್ರಾ?"

"ಎಲ್ಲಿ ಬಂತು! ನನ್ನ ಗೊರಕೆಗೆ ಬೈಕೊಂಡು, ದಿಂಬು ಎತ್ಕೊಂಡು ಆಚೆ ಕೋಣೆಗೆ ಹೋಗೋಳು."

"ಹಾಗಾದ್ರೆ ಅಲ್ಲಿಗೇ ಕಳಿಸಿದ್ದೀನಿ, ನೋಡಿ. ಲೆಕ್ಕ ಸರಿಹೋಯ್ತು. ಅವರೂ ಇದ್ದಾರೆ, ನೀವೂ ಮನೆಗೆ ಹೋಗ್ಬಹುದು."

ಮುದುಕರು ಪರದೆಯತ್ತ ಬಾಗಿದರು.

"ನಡುವಿನ ಬಾಗಿಲು ತೆಗೆದಿದೆಯಾ?"

"ತೆಗೆದೇ ಇದೆ. ಏಳಿ ಹಾಜಿ, ಮದ್ದಿಗೆ ಹೊತ್ತಾಯ್ತು."

"ಯಾ ಅಲಿ" ಎನ್ನುತ್ತ ಅವರು ಮೊಣಕಾಲು ಹಿಡಿದು ಎದ್ದರು. ಹುಡುಗಿ ಕಂಪ್ಯೂಟರನ್ನು ಮುಚ್ಚಲಿಲ್ಲ. ತೆರೆದದ್ದನ್ನು ಹಾಗೆಯೇ ಹಿಡಿದುಕೊಂಡು ಅವರ ಜೊತೆ ಒಳಗೆ ನಡೆದಳು.