ಅಕ್ಕಿ ಚೀಲದ ಬದಲಿ ಸಾಗವಾನಿ ಬೀಜ

ಹಂಗಲ್ಲೋ ತಮ್ಮಾ, ಸಾಗವಾನಿ ಬೀಜ ಅಂದ್ರ ಕಡ್ಲಿ ಅಲ್ಲ ಅದು, ರಾತ್ರಿ ನೆನಿ ಇಟ್ಟು ಮುಂಜಾನೆ ಮೊಳಕಿ ನೋಡಾಕ. ಗೋಲಿ ಇದ್ದಂಗ ಗಟ್ಟಿ ಇರತೈತಿ. ನನಗರ ಏನ್ ಗೊತ್ತಿತ್ತು ಆಗ? ಇಚಲಕರಂಜ್ಯಾಗ ಮಗ್ಗದ ಖಡಖಡಾ ಕೇಳ್ಕೋತ ಬಾಳೇ ಮಾಡಿದಾಕಿ ನಾ. ಮಗ್ಗ ನಿಂತ್ವು, ನಿಮ್ಮ ಅಜ್ಜನ ಕೆಲಸ ಹೋತು, ಉದಗಾಂವದಾಗ ಒಂದು ನರ್ಸರ್ಯಾಗ ಇಬ್ಬರಿಗೂ ಕೆಲಸ ಸಿಕ್ತು, ಇರಾಕ ಒಂದು ಖೋಲಿನೂ ಸಿಕ್ತು. ಮಾಲಕ ಒಳ್ಳೆಯವ ಖರೆ, ಮಾತು ಖಡಕ್. ಬೀಜದ ಚೀಲ ನಮ್ಮ ಖೋಲ್ಯಾಗ ಇಟ್ಟು ಅಂದಾ, "ಮಾವಶಿ, ಇದು ಕೆಟ್ರ ಸಸಿ ಇಲ್ಲ. ಸಸಿ ಇಲ್ಲಂದ್ರ ನಿಮಗೂ ಕೆಲಸ ಇಲ್ಲ."

ಆ ಮಳಿಗಾಲದಾಗ ಹೊಳಿ ಬಂತು. ಅಂಗಳಕ್ಕ ಬಂತು ಅಂತೀನಿ, ಅಲ್ಲ, ಹೊಸ್ತಲಕ್ಕ ಬಂದಿತ್ತು ಆಗಲೇ. ಓಣಿ ಮಂದಿ ಜೋಡಿ ಊರ ಸಾಲಿ ಕಡೆ ಹೊಂಟ್ವಿ. "ರೀ, ಅಕ್ಕಿ ಚೀಲ ತುಗೊಳ್ರಿ" ಅಂದೆ. "ತುಗೊಂಡೀನಿ, ನೀ ನಡಿ" ಅಂದ್ರು ನಿಮ್ಮ ಅಜ್ಜ. ಮಳ್ಯಾಗ ತೊಯ್ಕೋತ ಹೊತ್ತು ತಂದ್ರು. ಸಾಲಿಯೊಳಗ ಬಿಚ್ಚಿ ನೋಡ್ತೀನಿ, ಬೀಜ. ಅಕ್ಕಿ ಮನ್ಯಾಗ ನೀರ ಕುಡ್ಯಾಕತ್ತೈತಿ. "ಎರಡೂ ಗೋಣಿ ಚೀಲನ ಅಲ್ಲೇನ?" ಅಂತಾರ, ನೋಡ್ರಿ. ಬಾಜೂದಾಕಿ ನಕ್ಕೋತ ಕೇಳಿದ್ಲು, "ಕಾಯ ವಹಿನಿ, ಸಾಗವಾನಾಚಾ ಭಾತ ಕರಣಾರ?" ಸಾಗವಾನಿ ಅನ್ನ ಮಾಡ್ತೀಯೇನು ವೈನಿ, ಅಂತ ಮರಾಠ್ಯಾಗ. ಊಟ ಸಾಲ್ಯಾಗ ಸಿಗತಿತ್ತು ಬಿಡ್ರಿ. ನನಗ ಬೀಜದ್ದ ಚಿಂತಿ. ಕೆಲಸ ಹೋದ್ರ ಎಲ್ಲಿಗೆ ಹೋಗೂದು, ಮಗ್ಗನೂ ಇಲ್ಲ. ಸಾಲಿ ಮಾಳಿಗಿ ಮ್ಯಾಲ ಬೀಜ ಹರವಿದೆ. ಬಿಸಿಲು ಬಿತ್ತು, ಒಣಗಿದ್ವು. ಮಳಿ ಬಂತು, ತೊಯ್ದ್ವು. ಮತ್ತ ಹರವಿದೆ, ಮತ್ತ ತೊಯ್ದ್ವು. "ಹೋಗ್ಲಿ ಬಿಡ, ಒಲಿಗೆ ಹಾಕು" ಅಂದ್ರು ನಿಮ್ಮ ಅಜ್ಜ. ನೀವು ಸುಮ್ನ ಕುಂಡ್ರಿ ಅಂದೆ.

ನೀರು ಇಳೀತು. ಮಾಲಕ ಬಂದಾ. "ಸಾಹೇಬ್ರ, ತೊಯ್ದಾವ್ರಿ, ಒಣಗ್ಯಾವ್ರಿ, ಮತ್ತ ತೊಯ್ದಾವ್ರಿ" ಅಂದೆ. ಅಂವಾ ಒಂದು ಬೀಜ ತುಗೊಂಡು ಬೆರಳಾಗ ತಿಕ್ಕಿದಾ, ಮ್ಯಾಲಿನ ನಾರಿನಂಥಾ ಸಿಪ್ಪಿ ಉದುರಿತು. ನಕ್ಕಾ. "ಸಾಗವಾನಿಗೆ ಹಿಂಗ ಮಾಡೂದು ಮಾವಶಿ. ನೆನಸೂದು, ಬಿಸಲಿಗೆ ಹಾಕೂದು, ಮತ್ತ ನೆನಸೂದು, ಆ ಗಟ್ಟಿತನ ಸಡ್ಲ ಆಗೂತನಕ. ಹಾಕ್ರಿ, ಎದ್ರ ನಿಮ್ಮ ನಸೀಬ" ಅಂದಾ. ಹಾಕಿದ್ವಿ. ದಿನಾ ಮುಂಜಾನೆ ಬಗ್ಗಿ ನೋಡೂದು, ಬರೇ ಮಣ್ಣು. ಬಗ್ಗೂದು, ಬರೇ ಮಣ್ಣು. ಆಮ್ಯಾಲ ಒಂದಿನ ಒಂದು ಎದ್ದಿತ್ತು, ನೋಡನೋಡೂದ್ರಾಗ ಸಾಲು ತುಂಬಿತು. ಅದರ ಹಿಂದಿನ ವರ್ಷ ಗಡಿಬಿಡ್ಯಾಗ ನೆನಸದ ಹಾಕಿದ್ರಂತ, ಇಲ್ಲೊಂದು ಅಲ್ಲೊಂದು, ಅವೂ ತಡಾ ಆಗಿ, ಸೊರಗಿ. ಇವು ಒಂದಕ್ಕೊಂದು ಜೋಡಿ ಎದ್ದು ದಂಟು ದಪ್ಪ ಮಾಡಿದ್ವು, ಎಲಿ ನನ್ನ ಅಂಗೈಗಿಂತ ದೊಡ್ಡೂ. ಮಾಲಕ ನೋಡಿ, "ಹೊಳಿ ನೀರಿಗೆ ಬಿದ್ದ ಖೋಲಿ ಗ್ವಾಡಿ ಕಟ್ಟಸ್ತೀನಿ, ಎಲ್ಲೂ ಹೋಗಬ್ಯಾಡ್ರಿ" ಅಂದಾ. ಅವತ್ತ ನಾ ಅತ್ತೆ. ನಿಮ್ಮ ಅಜ್ಜ ಮಾತ್ರ, "ಚೀಲ ತಂದಾಂವ ಯಾರು?" ಅಂತ ಮೀಸಿ ತಿರಿವಿದ್ರು.

ಅದಕ ಅಂತೀನಿ, ಗಟ್ಟಿ ಇದ್ದದ್ದಕ್ಕ ಒಂದ ಸಲ ನೀರು ಹಾಕಿ ಬ್ಯಾಸರಾಗಬಾರ್ದು. ಏಳ್ರಿ ಈಗ, ಮೋಡ ಆಗೈತಿ, ಮಾಳಿಗಿ ಮ್ಯಾಲ ಮೆಣಸಿನಕಾಯಿ ಒಣಾಕ ಹಾಕೇನಿ. ತೊಯ್ದು ಸುಧಾರಿಸೂವಲ್ಲ ಅವು.